ಕನಸಿಗಾಗಿ ಅಲಾರಂ ಇಡುತ್ತಿದ್ದ ಯುವಕ

ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ನನ್ನ ಬಳಿ ಸಲಹೆ ಕೇಳಿ ಬಂದ ಇವರನ್ನು ಸುರೇಶ ಎನ್ನೋಣ. ವಯಸ್ಸು 26, ಹುಬ್ಬಳ್ಳಿಯಲ್ಲಿ ಕೆಲಸ.

ಬೈಕ್ ಅಪಘಾತವಾದ ಮೇಲೆ ಅವರಿಗೆ ಒಂದೇ ಕನಸು ಮತ್ತೆ ಮತ್ತೆ ಬೀಳುತ್ತಿತ್ತು. ಎದುರಿಗೆ ಲಾರಿ, ಕಣ್ಣು ಕುಕ್ಕುವ ಲೈಟು, ಬ್ರೇಕೇ ಹಿಡಿಯುವುದಿಲ್ಲ. ಬೆಳಗಿನ ಜಾವ ಬೆವತು ಎದ್ದು ಕೂರುತ್ತಿದ್ದರು. ಕನಸಿನೊಳಗೇ 'ಇದು ಕನಸು' ಅಂತ ಗೊತ್ತಾದರೆ ಲಾರಿಯನ್ನು ನಿಲ್ಲಿಸಬಹುದಲ್ವಾ ಎಂದು ಅಂಥ ಅರಿವಿನ ಕನಸಿನ, ಅಂದರೆ ಲೂಸಿಡ್ ಡ್ರೀಮ್‌ನ, ವಿಡಿಯೊಗಳನ್ನು ನೋಡತೊಡಗಿದರು. ರಾತ್ರಿ ಎರಡಕ್ಕೆ, ನಾಲ್ಕಕ್ಕೆ, ಐದಕ್ಕೆ ಅಲಾರಂ. ಎದ್ದು, ಅಲ್ಲಾಡದೆ ಅಂಗಾತ ಮಲಗಿ, ಎಚ್ಚರ ತಪ್ಪದೆ ಕನಸಿಗೆ ಇಳಿಯುವ ಪ್ರಯತ್ನ. ಕನಸು ಕೈಗೆ ಸಿಗಲಿಲ್ಲ. ಬದಲಿಗೆ ಮೈ ಮರಗಟ್ಟಿ, ಎದೆ ಮೇಲೆ ಯಾರೋ ಕೂತ ಹಾಗೆ ಆಗತೊಡಗಿತು. ಅಜ್ಜಿ ತಾಯಿತ ಕಟ್ಟಿಸಿದರು.

"ಇದೆಲ್ಲ ಸುಳ್ಳಾ ಮೇಡಂ?" ಎಂದು ಕೇಳಿದರು.

ಸುಳ್ಳಲ್ಲ ಎಂದೆ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಕೀತ್ ಹರ್ನ್ ಇಂಥ ಅರಿವಿನ ಕನಸನ್ನು ಅಳೆದು ತೋರಿಸಿದ್ದಾರೆ. ನಿದ್ದೆಯಲ್ಲಿದ್ದ ವ್ಯಕ್ತಿ, ಮೊದಲೇ ಮಾತಾಡಿಕೊಂಡ ಹಾಗೆ, ಕಣ್ಣುಗಳನ್ನು ಎಡಕ್ಕೆ ಬಲಕ್ಕೆ ಹೊರಳಿಸಿ 'ನನಗೆ ಕನಸು ಅಂತ ಗೊತ್ತು' ಎಂದು ತಿಳಿಸಿದ್ದರು. ಎದೆ ಭಾರಕ್ಕೂ ಕಾರಣ ಇದೆ. ಕನಸು ಬೀಳುವಾಗ ನಾವು ಕೈಕಾಲು ಝಾಡಿಸದಂತೆ ಮೆದುಳು ಸ್ನಾಯುಗಳನ್ನು ತಡೆಹಿಡಿಯುತ್ತದೆ. ಆ ತಡೆ ಬಿಡುವ ಮೊದಲೇ ಎಚ್ಚರವಾದರೆ ಹೀಗಾಗುತ್ತದೆ. ನಿದ್ದೆಗೆಟ್ಟವರಿಗೆ, ಅಂಗಾತ ಮಲಗುವವರಿಗೆ ಜಾಸ್ತಿ. ಸುರೇಶ ಎರಡನ್ನೂ ಮಾಡುತ್ತಿದ್ದರು.

ಮೊದಲು ಅಲಾರಂಗಳನ್ನೆಲ್ಲ ತೆಗೆಸಿದೆ. ದೀರ್ಘವಾಗಿ ಕನಸು ಬೀಳುವುದು ಬೆಳಗಿನ ಜಾವ. ಎರಡು ಗಂಟೆಗೆ ಎದ್ದು ಸುಮ್ನೆ ನಿದ್ದೆ ಕೆಡಿಸಿಕೊಂಡರೆ ಏನು ಬಂತು? ಅವರಿಗೆ ಬೆಳಗಿನ ಜಾವ ತಾನಾಗಿಯೇ ಎಚ್ಚರವಾಗುತ್ತಿತ್ತು. ಅದನ್ನೇ ಬಳಸಿ ಎಂದೆ. ಎದ್ದಾಗ ಮೊಬೈಲ್ ಮುಟ್ಟಬೇಡಿ, ದೊಡ್ಡ ಲೈಟ್ ಹಾಕಬೇಡಿ. ಉಸಿರು ಹದಕ್ಕೆ ಬರಲಿ. ಆಮೇಲೆ ಬಿದ್ದ ಕನಸನ್ನು ನೆನೆಸಿಕೊಳ್ಳಿ. ಲಾರಿ ಲೈಟು ಕಂಡ ಜಾಗದಲ್ಲಿ 'ಇದು ಕನಸು' ಎಂದು ಹೊಳೆದ ಹಾಗೆ ಕಲ್ಪಿಸಿಕೊಳ್ಳಿ. 'ಮುಂದಿನ ಕನಸಿನಲ್ಲಿ ಇದು ನೆನಪಾಗಬೇಕು' ಎಂದುಕೊಳ್ಳುತ್ತಾ ಮಗ್ಗುಲಾಗಿ ಮಲಗಿ, ನಿದ್ದೆಗೆ ಜಾರಿಬಿಡಿ. ಕನಸುಗಳ ಸಂಶೋಧಕ ಸ್ಟೀಫನ್ ಲಾಬರ್ಜ್ ರೂಪಿಸಿದ ವಿಧಾನ ಹೆಚ್ಚುಕಡಿಮೆ ಇದೇ. ವಾರಕ್ಕೆ ಎರಡು ದಿನ ಸಾಕು, ಅದೂ ಮರುದಿನ ರಜೆ ಇದ್ದಾಗ. ಎಚ್ಚರ ಬಿಡದೆ ಕನಸಿಗೆ ಇಳಿಯುವ ಪ್ರಯತ್ನ ಸದ್ಯಕ್ಕೆ ಬೇಡ. ಮೈ ಮರಗಟ್ಟಿದರೆ ಗುದ್ದಾಡಬೇಡಿ. ಉಸಿರಾಟ ಗಮನಿಸುತ್ತಾ ಒಂದು ಬೆರಳು ಅಲ್ಲಾಡಿಸಲು ನೋಡಿ, ಸ್ವಲ್ಪ ಹೊತ್ತಿಗೆ ಬಿಡುತ್ತದೆ.

ನಾನು ಹೆಚ್ಚು ಒತ್ತಿ ಹೇಳಿದ್ದು ಹಗಲಿನ ಅಭ್ಯಾಸವನ್ನು. ಕನಸಿನ ಕೊನೆಯನ್ನು ಬದಲಿಸಿ ಬರೆಯುವುದು, ದಿನವೂ ಹತ್ತು ನಿಮಿಷ ಕಣ್ಣು ಮುಚ್ಚಿ ಅದನ್ನೇ ನೋಡುವುದು. ಸುರೇಶ ಬರೆದದ್ದು: ಲಾರಿ ನಿಧಾನವಾಗಿ ಪಕ್ಕಕ್ಕೆ ಹೋಗುತ್ತದೆ, ನಾನು ಬೈಕ್ ನಿಲ್ಲಿಸಿ ಚಹಾ ಕುಡಿಯುತ್ತೇನೆ. ಇದಕ್ಕೆ ಕನಸಿನಲ್ಲಿ 'ಇದು ಕನಸು' ಎಂಬ ಅರಿವು ಬರಲೇಬೇಕೆಂದಿಲ್ಲ. ಕೆಟ್ಟ ಕನಸಿನಿಂದ ನರಳುವವರಿಗೆ ಈ ದಾರಿಯನ್ನೇ ನಾನು ಮೊದಲು ಹೇಳುತ್ತೇನೆ.

ಹಗಲಲ್ಲೂ ಅಪಘಾತ ಕಣ್ಮುಂದೆ ಬರುವುದು, ಕನಸು ಯಾವುದು ನಿಜ ಯಾವುದು ಎಂದು ಗೊಂದಲವಾಗುವುದು ಶುರುವಾದರೆ ಎಲ್ಲ ನಿಲ್ಲಿಸಿ ಮನೋವೈದ್ಯರನ್ನು ಕಾಣಬೇಕು ಎಂದೂ ತಿಳಿಸಿದೆ. ಅಂಥದ್ದೇನೂ ಆಗಲಿಲ್ಲ. ಮೈ ಮರಗಟ್ಟುವುದು ನಿಂತಿದೆ. ಲಾರಿ ಕನಸು ಈಗಲೂ ಅಪರೂಪಕ್ಕೆ ಬೀಳುತ್ತದೆ. ಒಮ್ಮೆ ಮಾತ್ರ ಅದರೊಳಗೆ 'ಇದು ಕನಸು' ಅನ್ನಿಸಿತಂತೆ. ತಕ್ಷಣ ಎಚ್ಚರವಾಯಿತು. ಆದರೆ ಬೆವತಿರಲಿಲ್ಲ ಎಂದರು.