‘ನನಗೆ ಗೊತ್ತಿತ್ತು, ಮೇಡಂ’

ಮಳೆಗಾಲ ಶುರುವಾದರೆ ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಸಿವಿಲ್ ಇಂಜಿನಿಯರುಗಳೂ ಬರುತ್ತಾರೆ ಎಂದರೆ ಹಲವರಿಗೆ ಆಶ್ಚರ್ಯ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಮಹದೇವಪುರದ ಕಡೆ ರಸ್ತೆಗಳಲ್ಲಿ ದೋಣಿ, ಟ್ರ್ಯಾಕ್ಟರುಗಳು ಜನರನ್ನು ಸಾಗಿಸಿದ್ದನ್ನು ಎಲ್ಲರೂ ಟಿ.ವಿ.ಯಲ್ಲಿ ನೋಡಿದ್ದಾರೆ. ಅದೇ ಚಿತ್ರಗಳ ಮುಂದೆ ಕುಳಿತು, ಇದರಲ್ಲಿ ನನ್ನ ಪಾಲೆಷ್ಟು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದವರೂ ಈ ನಗರದಲ್ಲಿದ್ದಾರೆ. ಅಂಥ ಮೂವರನ್ನು ನಾನು ಕಂಡಿದ್ದೇನೆ. ಮೂರನೆಯವರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ಮೊದಲ ಇಬ್ಬರಿಗೆ ನಾನು ಹೇಳಿದ ಸಮಾಧಾನ ಸಾಲದಾಗಿತ್ತು ಎಂಬುದು ನನಗೆ ತಿಳಿದದ್ದು ಇವರಿಂದ.

ವಯಸ್ಸು ಮೂವತ್ತನಾಲ್ಕು. ಚರಂಡಿ, ರಾಜಕಾಲುವೆಗಳ ನಕ್ಷೆ ಮಾಡಿಕೊಡುವ ಖಾಸಗಿ ಸಂಸ್ಥೆಯಲ್ಲಿ ಕೆಲಸ. ಹೆಂಡತಿ, ಒಬ್ಬ ಮಗಳು, ಮನೆಸಾಲ. ಮಳೆಯ ಸದ್ದು ಕೇಳಿದರೆ ನಿದ್ದೆ ಹಾರಿಹೋಗುತ್ತದೆ ಎಂದು ಕುಟುಂಬದ ವೈದ್ಯರು ನನ್ನ ಬಳಿ ಕಳುಹಿಸಿದ್ದರು. ನಿದ್ದೆಯ ಮಾತು ಅರ್ಧ ಸತ್ಯ ಮಾತ್ರ. ಉಳಿದರ್ಧವನ್ನು ಹೇಳಿದವರು ಅವರ ಹೆಂಡತಿ: “ಮಳೆ ಜೋರಾದರೆ ಇವರು ಮನೆಯಲ್ಲೇ ಇರುವುದಿಲ್ಲ. ರಾತ್ರಿ ಎರಡು ಗಂಟೆಗೆ ಬೈಕ್ ಹತ್ತಿ ಮೋರಿ ನೋಡಲು ಹೋಗುತ್ತಾರೆ.”

ಮೋರಿ ಎಂದರೆ ಒಂದು ಹಳೆಯ ರಸ್ತೆಯಡಿಯ ಅಡ್ಡಮೋರಿ. 900 ಮಿಲಿಮೀಟರ್ ವ್ಯಾಸದ ಎರಡು ಹ್ಯೂಮ್ ಪೈಪುಗಳು, ಅಂದರೆ ಕಾಂಕ್ರೀಟ್ ಕೊಳವೆಗಳು. ಅದರ ಮೇಲ್ಭಾಗದ ಕಾಲುವೆಯನ್ನು ಅಗಲಿಸಿ, ಕಾಂಕ್ರೀಟ್ ಗೋಡೆ ಕಟ್ಟುವ ಕಾಮಗಾರಿಗೆ ನಕ್ಷೆ ಬರೆದವರು ಇವರು. ಕಾಲುವೆ ಚೆನ್ನಾಗಿಯೇ ಆಯಿತು. ಮೊದಲು ಮೇಲಿನ ಖಾಲಿ ಸೈಟುಗಳಲ್ಲಿ ಹರಡಿ, ನಿಂತು, ನಿಧಾನವಾಗಿ ಇಳಿಯುತ್ತಿದ್ದ ನೀರು ಈಗ ಒಟ್ಟಾಗಿ, ಬೇಗ ಬಂದು ಆ ಎರಡು ಪೈಪುಗಳ ಬಾಯಿಗೆ ಬೀಳುತ್ತದೆ. ಮರುವರ್ಷದ ಒಂದು ಮಳೆಗೆ ಮೋರಿಯ ಪಕ್ಕದ ಹನ್ನೊಂದು ಮನೆಗಳಿಗೆ ಸೊಂಟಮಟ್ಟ ನೀರು ನುಗ್ಗಿತು. ಪ್ರಾಣಹಾನಿ ಆಗಲಿಲ್ಲ. ಹಾಸಿಗೆ, ಅಕ್ಕಿ, ಮಕ್ಕಳ ಪುಸ್ತಕ, ಒಂದು ಹೊಲಿಗೆ ಯಂತ್ರ ಹೋದವು. ಆ ಹೊಲಿಗೆ ಯಂತ್ರವನ್ನು ಅವರು ಪ್ರತಿ ಭೇಟಿಯಲ್ಲೂ ನೆನೆಯುತ್ತಿದ್ದರು.

ಮೊದಲ ಮೂರು ಭೇಟಿಗಳಲ್ಲಿ ನಾನು ಎಂದಿನ ದಾರಿಯಲ್ಲೇ ನಡೆದೆ. ಉಸಿರಾಟದ ಅಭ್ಯಾಸ, ಮಲಗುವ ಕೋಣೆಯಿಂದ ಮೊಬೈಲನ್ನು ಹೊರಗಿಡುವುದು, ಬರುವ ಯೋಚನೆಗಳನ್ನು ಬರೆದಿಡುವುದು. ನಾಲ್ಕನೆಯ ಭೇಟಿಯಲ್ಲಿ, “ಇಷ್ಟು ದೊಡ್ಡ ನಗರದ ನೀರಿಗೆ ನೀವೊಬ್ಬರೇ ಹೇಗೆ ಕಾರಣರಾಗುತ್ತೀರಿ? ಕೆರೆ ಮುಚ್ಚಿದವರಿದ್ದಾರೆ, ಕಾಲುವೆ ಒತ್ತುವರಿ ಮಾಡಿದವರಿದ್ದಾರೆ” ಎಂದೆ. ಮೊದಲ ಇಬ್ಬರಿಗೂ ಇದನ್ನೇ ಹೇಳಿದ್ದೆ. ಅವರು ತಲೆಯಾಡಿಸಿದ್ದರು.

ಇವರು ತಲೆಯಾಡಿಸಲಿಲ್ಲ. ಮೇಜಿನ ಮೇಲಿದ್ದ ನನ್ನ ಟಿಪ್ಪಣಿ ಪುಸ್ತಕವನ್ನು ಕೇಳಿ ತೆಗೆದುಕೊಂಡು ಒಂದು ಸೂತ್ರ ಬರೆದರು. ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಇಂಗದೆ ಹರಿದುಹೋಗುವ ಪಾಲು), ಗಂಟೆಗೆ ಬೀಳುವ ಮಳೆ, ನೀರು ಬಂದು ಸೇರುವ ಪ್ರದೇಶದ ಹೆಕ್ಟೇರು. ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಎಂದು ಸಿಗುತ್ತದೆಯಂತೆ. “50 ಹೆಕ್ಟೇರ್, ಗಂಟೆಗೆ 60 ಮಿಲಿಮೀಟರ್ ಮಳೆ ಎಂದಿಟ್ಟುಕೊಳ್ಳಿ. ಹಿಂದೆ ಅಲ್ಲಿ ತೋಟಗಳಿದ್ದವು. ಮಣ್ಣು ನೀರು ಕುಡಿಯುತ್ತಿತ್ತು, ಗುಣಾಂಕ 0.3. ಎರಡೂವರೆ ಘನ ಮೀಟರ್ ಬರುತ್ತದೆ. ಆ ಎರಡು ಪೈಪು ಹೊರುವುದೂ ಹೆಚ್ಚುಕಡಿಮೆ ಅಷ್ಟೇ. ಪೈಪು ಹಾಕಿಸಿದ ಆ ಹಳೆಯ ಇಂಜಿನಿಯರ್ ಯಾರೋ, ಸರಿಯಾಗಿಯೇ ಮಾಡಿದ್ದಾರೆ. ಈಗ ಬಡಾವಣೆ, ಡಾಂಬರು, ಕಾಂಕ್ರೀಟು. ಗುಣಾಂಕ 0.8. ಅದೇ ಮಳೆಗೆ ಆರೂಮುಕ್ಕಾಲು ಘನ ಮೀಟರ್ ಹತ್ತಿರ ಬರುತ್ತದೆ.”

“ಹಾಗಾದರೆ ಅವರಂತೆಯೇ ನೀವೂ ನಿಮ್ಮ ಕಾಲಕ್ಕೆ ತಕ್ಕಂತೆ...” ಎಂದು ನಾನು ಬಾಯಿ ತೆರೆದೆ.

“ಇಲ್ಲ. ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಮೇಡಂ.”

ಈ ಮಾತಿನ ಮುಂದೆ ನಾನು ಬಹಳ ಹೊತ್ತು ಸುಮ್ಮನಿದ್ದೆ. ಅವರು ಅಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಪುಸ್ತಕವನ್ನು ನನ್ನ ಕಡೆ ಸರಿಸಿದರು. ಕೊನೆಗೆ ನಾನು ಕೇಳಿದೆ: “ಗೊತ್ತಿದ್ದದ್ದನ್ನು ಯಾರಿಗೆ ಹೇಳಿದಿರಿ?”

“ಸಭೆಯಲ್ಲಿ ಹೇಳಿದೆ. ಆ ರಸ್ತೆ ಬೇರೆ ಇಲಾಖೆಯದು, ನಮ್ಮ ಟೆಂಡರಿನ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಸುಮ್ಮನಾದೆ.”

“ಬರೆದು ಕೊಟ್ಟಿರಾ?”

“ಇಲ್ಲ.”

ಇವರ ತಪ್ಪಿತಸ್ಥ ಭಾವನೆ ಭ್ರಮೆಯಲ್ಲ ಎಂಬುದು ನನಗೆ ಆಗ ಸ್ಪಷ್ಟವಾಯಿತು. ಅದರಲ್ಲಿ ಒಂದು ನಿಜವಾದ ತಪ್ಪಿತ್ತು. ಚಿಕ್ಕದು, ಆದರೆ ಅವರದೇ. ನಾನು ಅದನ್ನು ನಗರದ ಎಲ್ಲ ತಪ್ಪುಗಳ ಜೊತೆ ಬೆರೆಸಿ ಕರಗಿಸಲು ಹೊರಟಿದ್ದೆ. ಅದಕ್ಕೇ ಅದು ಕರಗಲಿಲ್ಲ. ಆ ಮೋರಿಗೆ ಯಾರು ಕಾರಣ ಎಂದರೆ ಹತ್ತು ಉತ್ತರಗಳಿವೆ. ಆ ಸಭೆಯಲ್ಲಿ ಸುಮ್ಮನಾದವರು ಯಾರು ಎಂದರೆ ಉತ್ತರ ಒಂದೇ.

ನಾನು ಕೊಟ್ಟ ಸಲಹೆ ಹೀಗಿತ್ತು. ಈಗಲಾದರೂ ಬರೆಯಿರಿ. ಒಂದೇ ಪುಟ, ಸಂಸ್ಥೆಯ ಮುಖ್ಯಸ್ಥರಿಗೆ. ಯಾರ ಮೇಲೂ ದೂರು ಬೇಡ, ನಿಮ್ಮ ನೋವಿನ ಮಾತೂ ಬೇಡ. ಈ ಪುಸ್ತಕದಲ್ಲಿ ಬರೆದ ಅಂಕಿಗಳು, ಪೈಪಿನ ಅಳತೆ, ನೀರು ನಿಂತ ಮಟ್ಟ, ರಸ್ತೆಯ ಒಡೆತನ ಇರುವ ಇಲಾಖೆಗೆ ಇದನ್ನು ತಲುಪಿಸಬೇಕೆಂಬ ಕೋರಿಕೆ, ಅಷ್ಟು ಸಾಕು. ಕಳುಹಿಸುವ ಮುಂಚೆ ಹೆಂಡತಿಯ ಜೊತೆ ಕುಳಿತು, ಕೆಲಸಕ್ಕೆ ಕುತ್ತು ಬಂದರೆ ಮನೆಸಾಲದ ಕಂತು ಎಷ್ಟು ತಿಂಗಳು ನಡೆದೀತು ಎಂದು ಲೆಕ್ಕ ಹಾಕಿ. ಕಳುಹಿಸಬೇಕೋ ಬೇಡವೋ ಎಂಬುದು ನಿಮ್ಮಿಬ್ಬರ ತೀರ್ಮಾನ, ನನ್ನದಲ್ಲ.

ರಾತ್ರಿ ಮೋರಿಗೆ ಹೋಗುವುದನ್ನು ಮಾತ್ರ ಖಡಾಖಂಡಿತವಾಗಿ ಬೇಡವೆಂದೆ. ತುಂಬಿ ಹರಿಯುವ ಕಾಲುವೆಯ ಅಂಚಿನಲ್ಲಿ ಕತ್ತಲಲ್ಲಿ ಕಾಲು ಜಾರಿದವರನ್ನು ನೀರು ಹೊತ್ತೊಯ್ದ ಸುದ್ದಿ ಈ ನಗರಕ್ಕೆ ಹೊಸದಲ್ಲ. ಹಗಲಲ್ಲಿ ಹೋಗಿ, ಆ ಮನೆಗಳವರ ಜೊತೆ ಮಾತಾಡಿ ಎಂದೆ. ಕ್ಷಮೆ ಕೇಳಬೇಕು ಎಂದರು. ನಾನು ಒಪ್ಪಲಿಲ್ಲ. ಅಕ್ಕಿ ಕಳೆದುಕೊಂಡವರ ಮುಂದೆ ನಿಂತು ಕ್ಷಮೆ ಬೇಡಿದರೆ, ನಮ್ಮನ್ನು ಸಮಾಧಾನಪಡಿಸುವ ಕೆಲಸವನ್ನೂ ಅವರ ತಲೆಗೇ ಕಟ್ಟಿದಂತೆ. ಅವರಿಗೆ ಬೇಕಾದದ್ದು ನಿಮಗೆ ಗೊತ್ತಿರುವ ಸಂಗತಿ. ಅದನ್ನು ಕೊಡಿ.

ನಮ್ಮ ವೃತ್ತಿಯ ಹಿರಿಯರೊಬ್ಬರು ಇದನ್ನು ಕೇಳಿ ಅಸಮಾಧಾನಪಟ್ಟರು. ಪತ್ರ ಬರೆಸುವುದು ಆಪ್ತಸಲಹೆಗಾರರ ಕೆಲಸವಲ್ಲ, ಅವರ ನೌಕರಿ ಹೋದರೆ ಹೊಣೆ ಯಾರು ಎಂದರು. ಆ ಪ್ರಶ್ನೆ ನನ್ನನ್ನು ಈಗಲೂ ಕಾಡುತ್ತದೆ, ನಿಜ. ಆದರೆ ನೋವಿನ ಬೇರು ಕಚೇರಿಯ ಕಡತದಲ್ಲಿರುವಾಗ, ಉಸಿರಾಟವನ್ನಷ್ಟೇ ಕಲಿಸಿ ಕಳುಹಿಸುವುದು ಪ್ರಾಮಾಣಿಕ ಚಿಕಿತ್ಸೆ ಎಂದು ನನಗೆ ಅನಿಸುವುದಿಲ್ಲ. ತಪ್ಪೇ ಇಲ್ಲದವರಿಗೆ ‘ನಿಮ್ಮ ತಪ್ಪಿಲ್ಲ’ ಎನ್ನಬೇಕು. ಇದ್ದವರಿಗೆ ಅದರ ಅಳತೆ ಹೇಳಬೇಕು. ಹೆಚ್ಚೂ ಬೇಡ, ಕಡಿಮೆಯೂ ಬೇಡ. ಬದುಕೇ ಬೇಡ ಎನ್ನುವ ಮಾತು ಅವರಿಂದ ಒಮ್ಮೆ ಬಂದಿದ್ದರೂ ಪತ್ರದ ವಿಚಾರ ಎತ್ತದೆ ಮನೋವೈದ್ಯರ ಬಳಿ ಕರೆದೊಯ್ಯುತ್ತಿದ್ದೆ. ಓದುತ್ತಿರುವವರಲ್ಲಿ ಯಾರಿಗಾದರೂ ಹಾಗೆನಿಸುತ್ತಿದ್ದರೆ ದಯವಿಟ್ಟು ಈಗಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಕಾಲುವೆಗಳ ಕೆಲಸಕ್ಕೆ ಹೊಸದಾಗಿ ಬಂದ ಇಂಜಿನಿಯರುಗಳಿಗೆ ಒಂದು ಮಾತು. ನಿಮ್ಮ ಕಾಲುವೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಮುಂದೆ ನೀರು ಎಲ್ಲಿಗೆ ಹೋಗುತ್ತದೆ, ಅಲ್ಲಿ ಎಷ್ಟು ಜಾಗವಿದೆ ಎಂಬುದನ್ನು ವಿನ್ಯಾಸ ವರದಿಯಲ್ಲೇ ಎರಡು ಸಾಲು ಬರೆದುಬಿಡಿ. ನಿಮ್ಮ ವ್ಯಾಪ್ತಿ ಅಲ್ಲದಿದ್ದರೂ ಬರೆಯಿರಿ. ಸಭೆಯಲ್ಲಿ ಆಡಿದ ಮಾತು ಆ ಕೋಣೆಯಲ್ಲೇ ಉಳಿಯುತ್ತದೆ, ವರದಿಯ ಸಾಲು ಕಡತದ ಜೊತೆ ಹೋಗುತ್ತದೆ. ಮೇಲಧಿಕಾರಿಗಳೇ, ಕಿರಿಯರು ಅಂಥ ಸಾಲು ಬರೆದರೆ ಅಳಿಸಬೇಡಿ.

ಅವರು ಪತ್ರ ಕೊಟ್ಟರು. ಐದು ವಾರ ಉತ್ತರವಿರಲಿಲ್ಲ. ಆಮೇಲೆ ಮುಖ್ಯಸ್ಥರು ಕರೆದು, ಮೋರಿಯ ಮಟ್ಟಗಳ ಸರ್ವೆ ಮಾಡಿಸಿ ಎಂದರಂತೆ. ಒಂದು ಭಾನುವಾರ ಮಗಳನ್ನೂ ಕರೆದುಕೊಂಡು ಆ ಮನೆಗಳಿಗೆ ಹೋದರು. ಮೋರಿಯ ಗೋಡೆಯ ಮೇಲೆ ತಾವೇ ಬಳಿದಿದ್ದ ಬಿಳಿ ಗೆರೆಗಳನ್ನು ತೋರಿಸಿ, ನೀರು ಎರಡನೆಯ ಗೆರೆ ಮುಟ್ಟಿದರೆ ಸಾಮಾನು ಮೇಲೆತ್ತಲು ಶುರುಮಾಡಿ, ಮೂರನೆಯದಕ್ಕೆ ಬಂದರೆ ಮನೆ ಬಿಡಿ ಎಂದು ಹೇಳಿಕೊಟ್ಟರು. ಒಬ್ಬ ಅಜ್ಜಿ ಅವರ ಮುಖ ನೋಡಿ, “ರಾತ್ರಿ ಟಾರ್ಚ್ ಹಿಡಿದು ನಿಲ್ಲುತ್ತಿದ್ದವನು ನೀನೇನಪ್ಪಾ? ಕಳ್ಳನೋ ಏನೋ ಎಂದು ಹೆದರಿ ನಾವು ಎಷ್ಟು ರಾತ್ರಿ ಎದ್ದು ಕುಳಿತಿದ್ದೇವೆ” ಎಂದರಂತೆ. ಇದನ್ನು ನನಗೆ ಹೇಳುವಾಗ ಅವರು ಮೊದಲ ಬಾರಿಗೆ ಅತ್ತರು.

ಜೂನಿನ ದೊಡ್ಡ ಮಳೆಯ ಮರುದಿನ ಬಂದಿದ್ದರು. ಎರಡು ಗಂಟೆಗೆ ಎಚ್ಚರವಾಗಿ, ನಾಲ್ಕರವರೆಗೆ ನಿದ್ದೆ ಬರಲಿಲ್ಲವಂತೆ. ಬೈಕಿನ ಕೀಲಿ ಹೆಂಡತಿಯ ದಿಂಬಿನ ಕೆಳಗಿತ್ತು, ಕೇಳಲಿಲ್ಲ ಎಂದರು. ಬೆಳಿಗ್ಗೆ ಅಜ್ಜಿಯ ಮೊಮ್ಮಗ ಫೋನ್ ಮಾಡಿ ನೀರು ಒಂದನೆಯ ಗೆರೆ ದಾಟಿ ಇಳಿಯಿತು ಎಂದು ತಿಳಿಸಿದ್ದ. ಪೈಪುಗಳು ಇನ್ನೂ ಅವೇ ಎರಡು.