ಗ್ರ್ಯಾಂಡ್ ಕ್ಯಾನ್ಯನ್ ಆದಮೇಲೆ ಬೆಟಾಟಾಕಿನ್ ಬಂಡೆಮನೆಗಳಿಗೂ ಹೋಗಬೇಕಾ? ಅಪ್ಪನಿಗೆ ಮಂಡಿನೋವಿದೆ, ನಡೆಯೋಕೆ ಆಗುತ್ತಾ?

ಖಂಡಿತ ಹೋಗಿ. ನಿಮ್ಮ ತಂದೆಯವರ ವಿಷಯಕ್ಕೆ ಆಮೇಲೆ ಬರುತ್ತೇನೆ, ಮೊದಲು ಗಡಿಯಾರದ ವಿಷಯ.

ಬೇಸಿಗೆಯಲ್ಲಿ ಅರಿಜೋನಾದವರು ಗಡಿಯಾರ ಮುಂದಿಡುವುದಿಲ್ಲ. ಆದರೆ ಬೆಟಾಟಾಕಿನ್ ಇರುವುದು ಅರಿಜೋನಾದೊಳಗಿನ ನವಾಹೋ ನೇಶನ್‌ನಲ್ಲಿ, ಅಂದರೆ ನವಾಹೋ ಮೂಲನಿವಾಸಿಗಳ ಸ್ವಂತ ಆಡಳಿತದ ಪ್ರದೇಶದಲ್ಲಿ. ಅಲ್ಲಿ ಒಂದು ಗಂಟೆ ಮುಂದಿಡುತ್ತಾರೆ. ನಾವು ಅರಿಜೋನಾದ ರಾಜಧಾನಿ ಫೀನಿಕ್ಸ್‌ನ ಟೈಮ್ ನಂಬಿ ಆರಾಮಾಗಿ ಕಾಫಿ ಕುಡಿದು ಹೋದೆವು. ದಾರಿ ತೋರಿಸುವ ಅಲ್ಲಿನ ಸಿಬ್ಬಂದಿ, ಅಂದರೆ ರೇಂಜರ್, ಅಷ್ಟರಲ್ಲಿ ಗುಂಪನ್ನು ಕರೆದುಕೊಂಡು ಇಳಿದಾಗಿತ್ತು. ರೇಂಜರ್ ಇಲ್ಲದೆ ಕೆಳಗೆ ಬಿಡುವುದಿಲ್ಲ. ಅಲ್ಲಿನ ಕ್ಯಾಂಪ್‌ಗ್ರೌಂಡ್‌ನಲ್ಲೇ (ಪುಕ್ಕಟೆ!) ರಾತ್ರಿ ಕಳೆದು ಮರುದಿನ ಹೋದೆವು.

ಸುಮಾರು 700 ಅಡಿ ಇಳಿಯಬೇಕು. ಸಾವನದುರ್ಗದಲ್ಲಾದರೆ ಸುಸ್ತಾದ ಮೇಲೆ ಇಳಿಜಾರು ಸಿಗುತ್ತದೆ, ಇಲ್ಲಿ ಉಲ್ಟಾ. ಕಾಲು ಸೋತ ಮೇಲೆ ಹತ್ತಬೇಕು, ಅದೂ ಸುಮಾರು 7,300 ಅಡಿ ಎತ್ತರದ ಜಾಗದ ತೆಳು ಗಾಳಿಯಲ್ಲಿ. ನನ್ನ ಎರಡು ಲೀಟರ್ ನೀರು ಅರ್ಧ ಏರಿಗೇ ಖಾಲಿ.

ಸುತ್ತ ಒಣ ಕೆಂಪು ಬಂಡೆ, ಕಣಿವೆಯ ತಳದಲ್ಲಿ ಮಾತ್ರ ಹಸಿರು ಆಸ್ಪೆನ್ ಮರಗಳ ತೋಪು. ಆಮೇಲೆ ಸುಮಾರು 450 ಅಡಿ ಎತ್ತರದ ಬಂಡೆಯ ಬಾಯಿ. ಬಾದಾಮಿಯ ಹಾಗೆ ಕೊರೆದದ್ದಲ್ಲ, ತಾನಾಗಿ ಆದ ಪೊಟರೆ. ಅದರೊಳಗೆ ಕಲ್ಲು, ಮಣ್ಣಿನಲ್ಲಿ ನೂರಕ್ಕೂ ಹೆಚ್ಚು ಕೋಣೆ ಕಟ್ಟಿದ್ದಾರೆ. ದಕ್ಷಿಣಕ್ಕೆ ಮುಖ. ಚಳಿಗಾಲದ ತಗ್ಗು ಬಿಸಿಲು ಒಳಗೆ ಬರುತ್ತದೆ, ಬೇಸಿಗೆಯಲ್ಲಿ ನೆರಳು. ಕಟ್ಟಿದವರು ಅರಿಜೋನಾದ ಇನ್ನೊಂದು ಮೂಲನಿವಾಸಿ ಜನಾಂಗವಾದ ಹೋಪಿಗಳ ಪೂರ್ವಿಕರು.

ನನಗೆ ಹಿಡಿಸಿದ್ದು ತೊಲೆಗಳ ಕಥೆ. ಮರದ ಉಂಗುರಗಳ ದಪ್ಪ-ತೆಳುವಿನ ಸಾಲನ್ನು ವರ್ಷ ಗೊತ್ತಿರುವ ಮರಗಳ ಜೊತೆ ಹೋಲಿಸಿದರೆ ಕಡಿದ ವರ್ಷ ಗೊತ್ತಾಗುತ್ತದಲ್ವಾ? 1267ರ ಹೊತ್ತಿಗೆ ಕೆಲವೇ ಮನೆಗಳು. 1269 ಮತ್ತು 1272ರಲ್ಲಿ ಮರ ಕಡಿದು ಸುಮ್ನೆ ಪೇರಿಸಿಟ್ಟಿದ್ದಾರೆ. 1275ರಿಂದ ಮನೆಗಳು ಒಂದೇ ಸಮನೆ ಏಳುತ್ತವೆ. ಅಂದರೆ ಆಮೇಲೆ ಬರಲಿರುವ ನೆಂಟರಿಗಾಗಿ ಮೊದಲೇ ತಯಾರಿ! ಮನೆ ಕಟ್ಟುವ ವರ್ಷಗಳ ಮುಂಚೆಯೇ ಹಲಸಿನ ಮರ ಕುಯ್ಯಿಸಿ ಒಣಗಿಸಿದ ನಮ್ಮ ಅಜ್ಜ ನೆನಪಾದರು. ಇಷ್ಟೆಲ್ಲ ಮಾಡಿಯೂ 1300ರ ಹೊತ್ತಿಗೆ ಊರು ಖಾಲಿ.

ನಿಮ್ಮ ತಂದೆಯವರನ್ನು ಕೆಳಗೆ ಕರೆದೊಯ್ಯಬೇಡಿ. ಮೇಲೆಯೇ ಸ್ಯಾಂಡಲ್ ಟ್ರೇಲ್ ಅಂತ ಒಂದು ಕಾಲುದಾರಿ ಇದೆ, ಹೋಗಿಬರಲು ಎರಡು ಕಿಲೋಮೀಟರ್, ನೆಲ ಗಟ್ಟಿ ಮಾಡಿದ್ದಾರೆ. ವಾಪಸ್ ಬರುವಾಗ ಸ್ವಲ್ಪ ಏರು, ಕೂತು ಕೂತು ಬರಲಿ. ತುದಿಯಿಂದ ಕಣಿವೆಯಾಚೆ ಇಡೀ ಪೊಟರೆ ಕಾಣುತ್ತದೆ. ಬೈನಾಕ್ಯುಲರ್ ಅವರ ಕೈಗೇ ಕೊಡಿ.