ಏರಿನಲ್ಲಿ ನಿಲ್ಲುವ ಪಿಕಪ್: ದೊಡ್ಡ ಪಂಪನ್ನು ಬಿಚ್ಚಿಸುವ ಮೊದಲು

ಪ್ರಶ್ನೆ: ನಮ್ಮದು ಇಪ್ಪತ್ತು ವರ್ಷ ದಾಟಿದ ಡೀಸೆಲ್ ಪಿಕಪ್. ಟೊಮೆಟೊ ಕ್ರೇಟುಗಳನ್ನು ತುಂಬಿಕೊಂಡು ಕೋಲಾರದ ಎಪಿಎಂಸಿಗೆ ಹೊರಟರೆ ಏರಿನಲ್ಲಿ ಎಳೆಯುವುದಿಲ್ಲ, ಒಮ್ಮೊಮ್ಮೆ ನಿಂತೇ ಹೋಗುತ್ತದೆ. ಬೆಳಿಗ್ಗೆ ಹ್ಯಾಂಡ್ ಪಂಪ್ ಒತ್ತದೆ ಸ್ಟಾರ್ಟ್ ಆಗುವುದಿಲ್ಲ. ಫಿಲ್ಟರ್ ಹೊಸದು ಹಾಕಿಸಿದ್ದೇವೆ. ಎಲ್ಲೂ ಡೀಸೆಲ್ ಸೋರುತ್ತಿಲ್ಲ. ಪಂಪ್ ಹೋಗಿದೆ, ಪೂರ್ತಿ ಬದಲಾಯಿಸಬೇಕು ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಬದಲಾಯಿಸಬೇಕೇ?
– ಮುಳಬಾಗಿಲು ತಾಲ್ಲೂಕಿನ ಓದುಗರು

ಉತ್ತರ: ಈಗಲೇ ಬೇಡ. ನಿಮ್ಮ ಪತ್ರದಲ್ಲಿರುವ ದೊಡ್ಡ ಸುಳಿವು ಹ್ಯಾಂಡ್ ಪಂಪಿನದು. ಕೈಯಿಂದ ಒತ್ತಿ ಡೀಸೆಲ್ ಏರಿಸಿದ ಕೂಡಲೇ ಎಂಜಿನ್ ಓಡುತ್ತದೆಯೆಂದರೆ, ಎಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ನಾಝಲ್‌ಗಳಿಗೆ ಭಾರಿ ಒತ್ತಡದಲ್ಲಿ ಡೀಸೆಲ್ ಕಳಿಸುವ ದೊಡ್ಡ ಪಂಪು (ಮೈಕೋ ಕಂಪನಿ 2008ರಲ್ಲೇ ಬಾಷ್ ಎಂದು ಹೆಸರು ಬದಲಿಸಿಕೊಂಡಿದ್ದರೂ ನಮ್ಮ ಮೆಕ್ಯಾನಿಕ್‌ಗಳು ಇದನ್ನು ಇಂದಿಗೂ ಮೈಕೋ ಪಂಪು ಎನ್ನುತ್ತಾರೆ) ಬಹುಮಟ್ಟಿಗೆ ಸರಿಯಾಗಿಯೇ ಇದೆ. ಅದಕ್ಕೆ ಡೀಸೆಲ್ ತಲುಪುತ್ತಿಲ್ಲ. ತಲುಪಿಸಬೇಕಾದದ್ದು ಅದರ ಪಕ್ಕಕ್ಕೆ ಕೂರಿಸಿರುವ ಚಿಕ್ಕ ಫೀಡ್ ಪಂಪು. ದೊಡ್ಡ ಪಂಪಿನ ಕ್ಯಾಮ್ ಶಾಫ್ಟ್ ಇದರೊಳಗೆ ಹಿಂದೆ ಮುಂದೆ ಜಾರುವ ಪ್ಲಂಜರನ್ನು ತಳ್ಳುತ್ತದೆ, ಸ್ಪ್ರಿಂಗ್ ಹಿಂದಕ್ಕೆ ತರುತ್ತದೆ, ಎರಡು ಪುಟ್ಟ ವಾಲ್ವುಗಳು ಡೀಸೆಲ್ ಟ್ಯಾಂಕಿನ ಕಡೆಗೆ ಮರಳದಂತೆ ತಡೆಯುತ್ತವೆ. ವಾಲ್ವಿನಲ್ಲಿ ಕಸ ಕೂತರೆ ಅಥವಾ ಅದು ಸವೆದರೆ, ರಾತ್ರಿ ನಿಂತ ಗಾಡಿಯ ಪೈಪಿನಲ್ಲಿದ್ದ ಡೀಸೆಲ್ ನಿಧಾನವಾಗಿ ಇಳಿದುಹೋಗಿ ಬೆಳಿಗ್ಗೆ ನೀವು ಹೇಳುವ ತೊಂದರೆಯೇ ಆಗುತ್ತದೆ.

ಆದರೆ ಗಾಳಿ ಎಳೆದರೂ ಇದೇ ಲಕ್ಷಣ ಕಾಣುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಎಂಜಿನ್ ಓಡುವಾಗ ಹೀರುವಿಕೆ ಇರುವುದರಿಂದ, ಅಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಆದ್ದರಿಂದ ಎಲ್ಲೂ ಸೋರುತ್ತಿಲ್ಲ ಎಂಬ ಮಾತನ್ನು ನಂಬಿ ಆ ಪೈಪನ್ನು ಕೈಬಿಡಬೇಡಿ. ಹಳೆಯ ರಬ್ಬರ್ ಹೋಸ್‌ಗಳು ಕ್ಲಿಪ್ಪಿನ ಕೆಳಗೇ ಸೀಳಿರುತ್ತವೆ. ಒಮ್ಮೆ ಬಿಚ್ಚಿ ಹಾಕಿದ ತಾಮ್ರದ ವಾಷರುಗಳು ಮತ್ತೆ ಸರಿಯಾಗಿ ಕೂರುವುದಿಲ್ಲ.

ಪರೀಕ್ಷೆ ಹೀಗಿರಲಿ. ಮೊದಲು ಟ್ಯಾಂಕಿನ ಮುಚ್ಚಳ ಸಡಿಲಿಸಿ ಓಡಿಸಿ ನೋಡಿ. ಎಂಜಿನ್ ಸರಿಯಾಗಿ ಎಳೆದರೆ ಟ್ಯಾಂಕಿಗೆ ಗಾಳಿಯಾಡುವ ರಂಧ್ರ ಕಟ್ಟಿದೆ ಎಂದರ್ಥ. ಹಾಗಾಗದಿದ್ದರೆ ಫಿಲ್ಟರಿನ ಮೇಲಿನ ಬ್ಲೀಡ್ ಸ್ಕ್ರೂ (ಒಳಗಿನ ಗಾಳಿ ಹೊರಬಿಡುವ ಸ್ಕ್ರೂ) ಸಡಿಲಿಸಿ ಹ್ಯಾಂಡ್ ಪಂಪ್ ಒತ್ತಿ. ಗುಳ್ಳೆಗಳು ನಿಲ್ಲದೆ ಬರುತ್ತಲೇ ಇದ್ದರೆ, ಫೀಡ್ ಪಂಪಿನ ಒಳಬರುವ ಪೈಪನ್ನು ಕಳಚಿ, ಅಲ್ಲಿಗೆ ಹೊಸ ಹೋಸ್ ಹಾಕಿ, ಅದರ ಇನ್ನೊಂದು ತುದಿಯನ್ನು ಶುದ್ಧ ಡೀಸೆಲ್ ಇರುವ ಕ್ಯಾನಿನಲ್ಲಿ ಮುಳುಗಿಸಿ ಮತ್ತೆ ಒತ್ತಿ. ಈಗ ಗುಳ್ಳೆ ನಿಂತರೆ ದೋಷ ಟ್ಯಾಂಕಿನ ಕಡೆಯದು: ಹೋಸ್, ವಾಷರ್, ಅಥವಾ ಟ್ಯಾಂಕಿನೊಳಗೆ ಇಳಿಯುವ ಪೈಪು. ಆ ಪೈಪಿನ ತುದಿಯ ಜಾಲರಿಯನ್ನೂ ಫೀಡ್ ಪಂಪಿನ ಪುಟ್ಟ ಜಾಲರಿಯನ್ನೂ ತೊಳೆಯಿರಿ. ಹೊಸ ಫಿಲ್ಟರ್ ಹಾಕುವಾಗ ಇವೆರಡನ್ನು ಮರೆಯುವವರೇ ಹೆಚ್ಚು.

ಕ್ಯಾನಿನಿಂದಲೂ ಸರಿಯಾಗಿ ಬಾರದಿದ್ದರೆ ಕೊನೆಯ ಪರೀಕ್ಷೆ ಉಳಿದಿದೆ. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ, ಎಂಜಿನ್ ನಿಲ್ಲಿಸುವ ಕೇಬಲನ್ನು ಎಳೆದೇ ಹಿಡಿದಿರಲಿ. ಫೀಡ್ ಪಂಪಿನಿಂದ ಫಿಲ್ಟರಿಗೆ ಹೋಗುವ ಪೈಪನ್ನು ಬಾಟಲಿಗೆ ಬಿಟ್ಟು, ಇನ್ನೊಬ್ಬರಿಂದ ಹತ್ತು ಸೆಕೆಂಡ್ ಸ್ಟಾರ್ಟರ್ ಹೊಡೆಸಿ. ಡೀಸೆಲ್ ರಭಸವಾಗಿ ಚಿಮ್ಮಿ ಚಿಮ್ಮಿ ಬೀಳಬೇಕು. ಹ್ಯಾಂಡ್ ಪಂಪಿಗೆ ಚೆನ್ನಾಗಿ ಬಂದು ಸ್ಟಾರ್ಟರಿಗೆ ಮಾತ್ರ ತೊಟ್ಟಿಕ್ಕಿದರೆ ಪ್ಲಂಜರ್ ಅಥವಾ ಸ್ಪ್ರಿಂಗ್ ಹೋಗಿದೆ. ಎರಡಕ್ಕೂ ಸೊರಗಿದರೆ ವಾಲ್ವುಗಳನ್ನು ಅನುಮಾನಿಸಿ, ಏಕೆಂದರೆ ಹ್ಯಾಂಡ್ ಪಂಪೂ ಅವೇ ವಾಲ್ವುಗಳನ್ನು ಬಳಸುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡುವುದನ್ನೂ ಮರೆಯಬೇಡಿ: ಎಂಜಿನ್ ಆಯಿಲ್ ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ಪಂಪಿನ ಒಳಗಿನ ಸೋರಿಕೆ ಆಯಿಲ್ ಸೇರುತ್ತಿರಬಹುದು. ಅಂಥ ಆಯಿಲ್‌ನಲ್ಲಿ ಗಾಡಿ ಓಡಿಸಿದರೆ ಬೇರಿಂಗುಗಳೇ ಹಾಳಾಗುತ್ತವೆ.

ಫೀಡ್ ಪಂಪ್ ಬದಲಾಯಿಸುವುದು ಕಷ್ಟದ ಕೆಲಸವಲ್ಲ. ಸುತ್ತಲಿನ ಮಣ್ಣನ್ನು ಮೊದಲೇ ತೊಳೆದು ಒರೆಸಿ, ಪೈಪುಗಳನ್ನೂ ನಟ್ಟುಗಳನ್ನೂ ಬಿಚ್ಚಿ, ಹಳೆಯ ಗ್ಯಾಸ್ಕೆಟ್ ಪೂರ್ತಿ ಕೆರೆದು, ಹೊಸ ಗ್ಯಾಸ್ಕೆಟ್ ಮತ್ತು ಹೊಸ ತಾಮ್ರದ ವಾಷರುಗಳೊಂದಿಗೆ ಕೂರಿಸಬೇಕು. ವಾಲ್ವು ಮಾತ್ರ ಕೆಟ್ಟಿದ್ದರೆ ರಿಪೇರಿ ಕಿಟ್ ಸಾಕು. ಬಳಿಕ ಗಾಳಿ ತೆಗೆಯುವಾಗ ಕ್ರಮ ತಪ್ಪಬೇಡಿ: ಮೊದಲು ಫಿಲ್ಟರ್, ನಂತರ ದೊಡ್ಡ ಪಂಪಿನ ಬ್ಲೀಡ್ ಸ್ಕ್ರೂ, ಆಮೇಲೂ ಹತ್ತದಿದ್ದರೆ ಮಾತ್ರ ನಾಝಲ್ ಪೈಪುಗಳ ನಟ್ಟು. ನಾಝಲ್ ಪೈಪಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಿ ಒಳಹೋಗಬಲ್ಲದು. ಕೈಯನ್ನೂ ಮುಖವನ್ನೂ ದೂರವಿಡಿ. ಎಲ್ಲ ನಾಝಲ್‌ಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಕೊಡುವ ಇತ್ತೀಚಿನ ಕಾಮನ್ ರೈಲ್ ಗಾಡಿಗಳಲ್ಲಿ ಆ ನಟ್ಟುಗಳನ್ನು ಎಂದೂ ಸಡಿಲಿಸಬಾರದು, ಅಲ್ಲಿನ ಒತ್ತಡ 1000 ಬಾರ್ ಮೀರುತ್ತದೆ.

ಪ್ರಶ್ನೆ: ನಮ್ಮ ಪೆಟ್ರೋಲ್ ಗಾಡಿಯ ಪಂಪ್ ಟ್ಯಾಂಕಿನೊಳಗಿದೆ. ಅದು ಕೆಟ್ಟಿದೆಯೆಂದು ತಿಳಿಯುವುದು ಹೇಗೆ?
– ಚಿಂತಾಮಣಿಯ ಓದುಗರು

ಉತ್ತರ: ಕೀ ತಿರುಗಿಸಿದಾಗ ಟ್ಯಾಂಕಿನ ಕಡೆಯಿಂದ ಎರಡು ಮೂರು ಸೆಕೆಂಡ್ ಸಣ್ಣ ಗುಂಯ್ ಶಬ್ದ ಬರಬೇಕು. ಬಾರದಿದ್ದರೆ ಫ್ಯೂಸ್, ರಿಲೇ, ವೈರಿನ ಕನೆಕ್ಟರ್ ನೋಡಿ. ಪಂಪಿನ ಕನೆಕ್ಟರಿಗೆ ಕರೆಂಟ್ ತಲುಪಿ, ಅರ್ತಿಂಗ್ ಸರಿಯಿದ್ದೂ ಶಬ್ದವಿಲ್ಲದಿದ್ದರೆ ಮಾತ್ರ ಪಂಪನ್ನು ದೂರಿ. ಟ್ಯಾಂಕ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಗಾಳಿಯಾಡುವ ಜಾಗದಲ್ಲೇ ಕೆಲಸ ಮಾಡಿಸಿ. ಈ ಪಂಪನ್ನು ತಂಪಾಗಿಡುವುದು ಪೆಟ್ರೋಲೇ ಆದ್ದರಿಂದ, ಹೊಸದನ್ನು ಹಾಕಿಸಿದ ಮೇಲೆ ಕಾಲು ಟ್ಯಾಂಕಿಗಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ.